ಮಾತಂಗದ ತುದಿಯಿಂದ ಒಂದು ಅಗಲ ಚಿತ್ರ: ಸಾಲು ಸಾಲಿಗೆ ವ್ಯಾಖ್ಯಾನ

ಹಂಪಿಯ ಮಾತಂಗ ಪರ್ವತವನ್ನು ಬೆಳಗಿನ ಜಾವ ಹತ್ತಿದವರು ಬಹುಮಟ್ಟಿಗೆ ಎಲ್ಲರೂ ಫೋನು ಹಿಡಿದು ಎಡದಿಂದ ಬಲಕ್ಕೆ ಒಮ್ಮೆ ತಿರುಗುತ್ತಾರೆ. ಕೆಳಗಿಳಿದು ಚಹಾ ಕುಡಿಯುತ್ತ ನೋಡಿದಾಗ ಆ ಪನೋರಮಾ ತೆಳ್ಳನೆಯ ಪಟ್ಟಿಯಾಗಿರುತ್ತದೆ. ಕ್ಷಿತಿಜ ಬಾಗಿದೆ, ಒಂದು ತುದಿ ಕಪ್ಪಾಗಿದೆ, ಇನ್ನೊಂದು ತುದಿ ಬಿಳಿಚಿಕೊಂಡಿದೆ, ನಡುವೆ ಯಾರದೋ ಅರ್ಧ ಮುಖ. ಇಷ್ಟು ದೊಡ್ಡ ನೋಟಕ್ಕೆ ಇಂಥ ಗತಿ ಬರಬಾರದು. ಹಂಪಿಗೆ ಹೊರಟವರಿಗೆ ಹೇಳುತ್ತ ಹೇಳುತ್ತ ನನ್ನ ಮಾತು ಕೆಲವು ಚಿಕ್ಕ ಸಾಲುಗಳಾಗಿ ನಿಂತಿದೆ. ಚಿಕ್ಕ ಸಾಲು ನೆನಪಿನಲ್ಲಿ ಉಳಿಯುತ್ತದೆ ನಿಜ. ಆದರೆ ಅದರ ಹಿಂದಿನ ಕಾರಣ ತಿಳಿಯದಿದ್ದರೆ ಜಾಗ ಬದಲಾದ ಕೂಡಲೇ ಕೈಕೊಡುತ್ತದೆ. ಆ ಕಾರಣಗಳಿಗಾಗಿ ಈ ವ್ಯಾಖ್ಯಾನ.

“ಎರಡು ತುದಿ ಗೊತ್ತುಮಾಡಿಕೊಳ್ಳಿ, ಆಮೇಲೆ ಫೋನು ಎತ್ತಿ.”

ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಉಳಿದವು ಕೈಗೆ ಸಂಬಂಧಿಸಿದವು, ಇದು ಕಣ್ಣಿಗೆ ಸಂಬಂಧಿಸಿದ್ದು.

ಜಾಗ ಎಷ್ಟು ವಿಶಾಲವಾಗಿದೆ ಎಂದು ತೋರಿಸುವುದಕ್ಕೆ ಪನೋರಮಾ ಬೇಕು ಎಂದು ಹೆಚ್ಚಿನವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಪನೋರಮಾ ಹೇಳಬೇಕಾದ್ದು ಯಾವುದರ ಪಕ್ಕದಲ್ಲಿ ಯಾವುದಿದೆ ಎನ್ನುವುದನ್ನು. ಮಾತಂಗದ ತುದಿಯಲ್ಲಿ ಉತ್ತರಕ್ಕೆ ಮುಖಮಾಡಿ ನಿಂತರೆ ಎಡಕ್ಕೆ, ಪಶ್ಚಿಮದಲ್ಲಿ, ವಿರೂಪಾಕ್ಷ ದೇವಾಲಯದ ಗೋಪುರ. ಅದರೆದುರಿನ ಬಜಾರು ನೇರವಾಗಿ ಬಂದು ನೀವು ನಿಂತ ಬೆಟ್ಟದ ಬುಡದಲ್ಲೇ, ಎದುರು ಬಸವಣ್ಣ ಎಂಬ ನಂದಿಯ ಹತ್ತಿರ ಮುಗಿಯುತ್ತದೆ. ಎದುರಿಗೆ ಕೆಳಗಡೆ 1534ರ ಅಚ್ಯುತರಾಯ ದೇವಾಲಯ. ಅದರ ಬೀದಿ ಉತ್ತರಕ್ಕೆ ಹೊಳೆಯ ಕಡೆ ಹೋಗುತ್ತದೆ. ಬಲಕ್ಕೆ, ಈಶಾನ್ಯದಲ್ಲಿ, ಬಂಡೆಗಳಾಚೆ ವಿಠ್ಠಲ ದೇವಾಲಯದ ದಿಕ್ಕು. ಕೆಳಗೆ ನಡೆದಾಡುವವರಿಗೆ ಇವು ಬೇರೆ ಬೇರೆ ಊರುಗಳ ಹಾಗೆ ಕಾಣುತ್ತವೆ, ಏಕೆಂದರೆ ನಡುವೆ ಬೆಟ್ಟ ಅಡ್ಡ ನಿಂತಿದೆ. ಮೇಲಿನಿಂದ ನೋಡಿದಾಗಲೇ ಒಂದು ಬೀದಿ ಪೂರ್ವ-ಪಶ್ಚಿಮ, ಇನ್ನೊಂದು ಉತ್ತರ-ದಕ್ಷಿಣ, ಎರಡಕ್ಕೂ ನಡುವೆ ಈ ಕಲ್ಲುಗುಡ್ಡ, ಆಚೆ ತುಂಗಭದ್ರೆ ಎಂಬ ಲೆಕ್ಕ ಬಿಡಿಸಿಕೊಳ್ಳುತ್ತದೆ. ಆ ಲೆಕ್ಕವನ್ನು ಹಿಡಿಯುವುದಕ್ಕೆ ಪನೋರಮಾ ಬೇಕು. ಎಡ ತುದಿಗೆ ಗೋಪುರ, ಬಲ ತುದಿಗೆ ವಿಠ್ಠಲದ ಕಡೆಯ ಗುಡ್ಡ ಎಂದು ಗೊತ್ತುಮಾಡಿಕೊಂಡರೆ ಸುಮಾರು 135 ಡಿಗ್ರಿ ಸಾಕು. ಅಲ್ಲಿಂದ ಮುಂದಕ್ಕೆ ಸುತ್ತಿದಷ್ಟೂ ಪಟ್ಟಿ ತೆಳ್ಳಗಾಗುತ್ತದೆ, ಹೊಸ ವಿಷಯ ಸೇರುವುದಿಲ್ಲ. ಐಫೋನು ಹೆಚ್ಚೆಂದರೆ 240 ಡಿಗ್ರಿ ಹಿಡಿಯುತ್ತದೆ, ಕೆಲವು ಫೋನುಗಳು ಇಡೀ ಸುತ್ತನ್ನೂ ಹಿಡಿಯುತ್ತವೆ. ಹಿಡಿಯುತ್ತದೆ ಎಂಬ ಒಂದೇ ಕಾರಣಕ್ಕೆ ಅಷ್ಟೂ ಸುತ್ತಬೇಕಾಗಿಲ್ಲ, ನಿಮ್ಮ ತುದಿ ಬಂದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಬಹುದು.

ಅಲ್ಟ್ರಾವೈಡ್ ಲೆನ್ಸ್ ಇರುವಾಗ ಇಷ್ಟು ಪಾಡು ಏಕೆ ಎಂದು ಕೇಳಬಹುದು. 0.5 ಒತ್ತಿದರೆ ನೋಟದ ಬಹುಭಾಗ ಒಂದೇ ಏಟಿಗೆ ಬರುತ್ತದೆ, ಸರಿ. ಆದರೆ ಆ ಲೆನ್ಸಿನಲ್ಲಿ ದೂರದ್ದೆಲ್ಲ ಕುಗ್ಗಿ, ಐವತ್ತು ಮೀಟರ್ ಎತ್ತರದ ಗೋಪುರ ಕಡ್ಡಿಯಾಗಿಬಿಡುತ್ತದೆ. ಮುಕ್ಕಾಲು ಚಿತ್ರ ಆಕಾಶ ಮತ್ತು ಕಾಲಬುಡದ ಬಂಡೆ. ಪನೋರಮಾ ಮುಖ್ಯ ಲೆನ್ಸಿನಿಂದಲೇ ತುಣುಕು ತುಣುಕಾಗಿ ಹಿಡಿಯುವುದರಿಂದ ಗೋಪುರದ ಗಾತ್ರ ಉಳಿಯುತ್ತದೆ. ಹಾಗಾಗಿ ಪನೋರಮಾದಲ್ಲೂ 1x ಬಿಟ್ಟು ಕೆಳಗಿಳಿಯಬೇಡಿ.

ತುದಿಯ ಪ್ರಶ್ನೆ ಹಳೆಯದು. ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಪೂರ್ತಿ ಸುತ್ತುಚಿತ್ರಕ್ಕೆ ಪೇಟೆಂಟ್ ಪಡೆದಾಗ, ನೋಡುವವರಿಗೆ ಕ್ಯಾನ್ವಾಸಿನ ಮೇಲಂಚು ಕೆಳಂಚು ಕಾಣದ ಹಾಗೆ ಮರೆಮಾಡುವ ಏರ್ಪಾಡನ್ನೂ ಅದರಲ್ಲೇ ಬರೆದಿದ್ದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಅದಕ್ಕೆಂದೇ ಒಂದು ದುಂಡುಕಟ್ಟಡ ತೆರೆಯಿತು. ಸುತ್ತುಚಿತ್ರಕ್ಕೆ ಎಡ ಬಲ ತುದಿಗಳೇ ಇಲ್ಲ. ಆದರೆ 1800ರಲ್ಲಿ ಅದೇ ಊರಿನ ಲೈಸಿಯಮ್ ಎಂಬ ಕಟ್ಟಡದಲ್ಲಿ ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್ ತೂಗುಹಾಕಿದ ಸುಮಾರು 120 ಅಡಿ ಉದ್ದದ ಚಿತ್ರಕ್ಕೆ ತುದಿಗಳಿದ್ದವು. ಅದರ ವಸ್ತು ಶ್ರೀರಂಗಪಟ್ಟಣದ ಕೋಟೆಯ ಮೇಲೆ 1799ರ ಮೇ 4ರಂದು ನಡೆದ ದಾಳಿ. ನಮ್ಮ ನೆಲದ ದುಃಖದ ದಿನ ಅಲ್ಲಿ ದುಡ್ಡು ಕೊಟ್ಟು ನೋಡುವ ನೋಟವಾಗಿತ್ತು, ದಾಳಿ ಮಾಡಿದವರ ಕಡೆಯಿಂದ ಬರೆದ ನೋಟ. ಎಲ್ಲಿ ನಿಂತು ನೋಡುತ್ತೇವೆ, ಎಲ್ಲಿ ಶುರುಮಾಡಿ ಎಲ್ಲಿ ಬಿಡುತ್ತೇವೆ ಎಂಬುದರಲ್ಲಿ ಪಕ್ಷ ಇರುತ್ತದೆ. ಫೋನಿನ ಪನೋರಮಾದಲ್ಲೂ ಇರುತ್ತದೆ. ವಿರೂಪಾಕ್ಷ ಬಜಾರನ್ನು ತೆಗೆಯುವಾಗ ವಾಹನ ನಿಲ್ಲುವ ಜಾಗಕ್ಕೆ ಮುಂಚೆಯೇ ನಿಲ್ಲಿಸಿದರೆ ಒಂದು ಹಂಪಿ, ಅದನ್ನೂ ಸೇರಿಸಿಕೊಂಡರೆ ಇನ್ನೊಂದು ಹಂಪಿ. ಎರಡೂ ನಿಜವೇ. ಆರಿಸಿಕೊಳ್ಳಬೇಕಾದವರು ನೀವು, ತೋಳಿನ ದಣಿವಿಗೆ ಆ ಆಯ್ಕೆ ಬಿಟ್ಟುಕೊಡಬೇಡಿ.

“ಫೋನು ನೆಟ್ಟಗಿರಲಿ.”

ಎರಡು ಅರ್ಥದಲ್ಲಿ ನೆಟ್ಟಗೆ. ಒಂದು, ಅಗಲ ಚಿತ್ರಕ್ಕೆ ಫೋನನ್ನು ಉದ್ದುದ್ದ ಹಿಡಿಯಬೇಕು. ಮುಖ್ಯ ಲೆನ್ಸು ಉದ್ದುದ್ದಕ್ಕೆ ಸುಮಾರು 65ರಿಂದ 70 ಡಿಗ್ರಿ ಕಾಣುತ್ತದೆ, ಅಡ್ಡಕ್ಕೆ 50ರ ಆಸುಪಾಸು. ಉದ್ದುದ್ದ ಹಿಡಿದಾಗ ಪಟ್ಟಿಗೆ ಎತ್ತರ ಬರುತ್ತದೆ, ಕೆಳಗಿನ ದೇವಾಲಯದ ಪ್ರಾಕಾರವೂ ಮೇಲಿನ ಮೋಡವೂ ಒಟ್ಟಿಗೆ ಸಿಗುತ್ತವೆ.

ಇನ್ನೊಂದು, ಫೋನು ಮುಂದಕ್ಕೆ ಹಿಂದಕ್ಕೆ ವಾಲಬಾರದು. ಬೆಟ್ಟದ ಮೇಲೆ ನಿಂತವರ ಸಹಜ ಆಸೆ ಕೆಳಗಿನ ದೇವಾಲಯ ಚೆನ್ನಾಗಿ ಬರಲಿ ಎಂದು ಫೋನನ್ನು ಬಗ್ಗಿಸುವುದು. ಹಾಗೆ ಬಗ್ಗಿಸಿ ತಿರುಗಿದಾಗ ಒಂದೊಂದು ತುಣುಕೂ ಪಕ್ಕದ ತುಣುಕಿಗಿಂತ ಚೂರು ಓರೆಯಾಗುತ್ತದೆ. ಜೋಡಣೆಯಲ್ಲಿ ಆ ಓರೆ ಕೂಡುತ್ತ ಹೋಗಿ ಕ್ಷಿತಿಜ ಬಾಗುತ್ತದೆ, ಇಲ್ಲವೇ ಅಲೆ ಅಲೆಯಾಗುತ್ತದೆ. ಆಕಾಶ ಹೆಚ್ಚಾದರೆ ಆಮೇಲೆ ಕತ್ತರಿಸಬಹುದು, ಬಾಗಿದ ಕ್ಷಿತಿಜವನ್ನು ನೆಟ್ಟಗೆ ಮಾಡುವುದು ಕಷ್ಟ. ಕೆಳಗಿನದು ಇನ್ನೂ ಬೇಕು ಎಂದು ಬಂಡೆಯ ಅಂಚಿಗೆ ಹೆಜ್ಜೆಯಿಡುವುದಂತೂ ಕೂಡದು. ಪರದೆ ನೋಡುತ್ತ ತಿರುಗುವವರ ಗಮನ ಕಾಲಿನ ಮೇಲೆ ಇರುವುದಿಲ್ಲ. ನಿಲ್ಲುವ ಜಾಗವನ್ನು ಮೊದಲು ಕಾಲಿನಿಂದ ಪರೀಕ್ಷಿಸಿ, ಅಂಚಿನಿಂದ ಒಂದು ಮಾರು ಹಿಂದೆ ನಿಲ್ಲಿ.

“ಬೆಳಕನ್ನು ನಡುವಿನಲ್ಲಿ ಕಟ್ಟಿ.”

ಪನೋರಮಾ ಶುರುವಾದ ಮೇಲೆ ಹಲವು ಫೋನುಗಳು ಎಕ್ಸ್‌ಪೋಷರನ್ನು ಬದಲಿಸುವುದಿಲ್ಲ. ಬದಲಿಸಿದರೆ ತುಣುಕು ತುಣುಕಿಗೆ ಆಕಾಶದ ಬಣ್ಣ ಬೇರೆಯಾಗಿ ಪಟ್ಟೆ ಪಟ್ಟೆ ಬರುತ್ತದೆ. ಹಾಗಾಗಿ ಅವುಗಳಲ್ಲಿ ಮೊದಲ ತುಣುಕಿಗೆ ಎಷ್ಟು ಬೆಳಕು ಎಂದು ಗೊತ್ತಾಯಿತೋ ಕೊನೆಯದಕ್ಕೂ ಅಷ್ಟೇ. ನೆರಳಿನಲ್ಲಿರುವ ಪಶ್ಚಿಮದಿಂದ ಹೊರಟರೆ ಪೂರ್ವ ತಲುಪುವ ಹೊತ್ತಿಗೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಸೂರ್ಯನ ಕಡೆಯಿಂದ ಹೊರಟರೆ ವಿರೂಪಾಕ್ಷ ಕತ್ತಲೆಯಲ್ಲಿ ಮುಳುಗುತ್ತದೆ.

ಪರಿಹಾರ ಸುಲಭ. ಪನೋರಮಾ ಪರದೆಯಲ್ಲೇ, ಶುರುಮಾಡುವ ಮೊದಲು, ನಿಮ್ಮ ನೋಟದ ನಡುಭಾಗಕ್ಕೆ, ಇಲ್ಲಿ ಅಚ್ಯುತರಾಯ ದೇವಾಲಯದ ಮೇಲಿನ ಆಕಾಶಕ್ಕೆ, ಫೋನು ತಿರುಗಿಸಿ ಬೆರಳನ್ನು ಒತ್ತಿಹಿಡಿಯಿರಿ. ಐಫೋನಿನಲ್ಲೂ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಬೆಳಕು ಮತ್ತು ಫೋಕಸ್ ಲಾಕ್ ಆಗುತ್ತವೆ. ಆಮೇಲೆ ಎಡ ತುದಿಗೆ ಹೋಗಿ ಶುರುಮಾಡಿ. ಲಾಕ್ ಮಾಡುವಾಗ ನೆಲಕ್ಕಿಂತ ಆಕಾಶಕ್ಕೆ ಮರ್ಯಾದೆ ಕೊಡಿ. ನೆರಳಿನ ವಿವರವನ್ನು ಆಮೇಲೆ ಸ್ವಲ್ಪ ಎಬ್ಬಿಸಬಹುದು, ಸುಟ್ಟ ಬಿಳಿಯಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೂ ಒಳ್ಳೆಯ ಉಪಾಯ ಪಂಚಾಂಗದಲ್ಲಿದೆ. ಹಂಪಿಯ ಅಕ್ಷಾಂಶದಲ್ಲಿ ಡಿಸೆಂಬರಿನ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ನಮ್ಮ ಚಿತ್ರ ಪಶ್ಚಿಮದಿಂದ ಈಶಾನ್ಯದವರೆಗಿನದು. ಜೂನಿನ ಬೆಳಗಿನಲ್ಲಿ ಸೂರ್ಯ ಬಲ ತುದಿಯ ಪಕ್ಕದಲ್ಲೇ ಕಣ್ಣು ಕುಕ್ಕುತ್ತಾನೆ. ಮಕರ ಸಂಕ್ರಮಣದ ಹಿಂದೆ ಮುಂದೆ ಹೋದರೆ ಅವನು ನಿಮ್ಮ ಬೆನ್ನ ಬಲಕ್ಕಿರುತ್ತಾನೆ, ಗೋಪುರದ ಮುಖಕ್ಕೆ ಎಳೆಬಿಸಿಲು ಬೀಳುತ್ತದೆ, ಬೆಳಕಿನ ಜಗಳ ಅರ್ಧ ಕಡಿಮೆ.

“ಪಾದ ಕೊನೆಯ ಕಡೆ, ಸೊಂಟ ಮೊದಲ ಕಡೆ.”

ಕಾಲುಗಳನ್ನು ಬಲ ತುದಿಯ ಕಡೆಗೆ ಊರಿ, ಸೊಂಟವನ್ನು ಎಡಕ್ಕೆ ತಿರುಚಿಕೊಂಡು ಶುರುಮಾಡಿದರೆ, ತಿರುಗುತ್ತ ಹೋದಂತೆ ಮೈ ಸಡಿಲವಾಗುತ್ತದೆ. ಉಲ್ಟಾ ಮಾಡಿದರೆ ಕೊನೆಗೆ ಬರುವಾಗ ಮೈ ಬಿಗಿದು ಕೈ ನಡುಗುತ್ತದೆ.

“ಕೈ ಚಾಚಬೇಡಿ, ಫೋನು ಇದ್ದಲ್ಲೇ ತಿರುಗಲಿ.”

ಜೋಡಣೆ ಮುರಿದ ಪನೋರಮಾಗಳಲ್ಲಿ ಹೆಚ್ಚಿನವು ಮುರಿಯುವುದು ಇಲ್ಲಿ.

ತೋಳು ಪೂರ್ತಿ ಚಾಚಿ ಹಿಡಿದರೆ ಲೆನ್ಸು ನಿಮ್ಮ ಮೈಯಿಂದ ಸುಮಾರು 60 ಸೆಂಟಿಮೀಟರ್ ದೂರ. ಅರ್ಧ ಸುತ್ತು ತಿರುಗಿದರೆ ಮೊದಲ ತುಣುಕು ತೆಗೆದ ಜಾಗಕ್ಕೂ ಕೊನೆಯ ತುಣುಕು ತೆಗೆದ ಜಾಗಕ್ಕೂ 120 ಸೆಂಟಿಮೀಟರ್ ಅಂತರ. ಅಂದರೆ ಚಿತ್ರವನ್ನು ಒಂದೇ ಕಣ್ಣು ನೋಡಿಲ್ಲ, ಸಾಲಾಗಿ ನಿಂತ ಹಲವು ಕಣ್ಣುಗಳು ನೋಡಿವೆ. ದೂರದ ಗೋಪುರಕ್ಕೆ ಇದರಿಂದ ಏನೂ ಆಗದು, ನೂರಾರು ಮೀಟರಿನ ಮುಂದೆ ಒಂದು ಮೀಟರು ಲೆಕ್ಕಕ್ಕಿಲ್ಲ. ಎರಡು ಮೀಟರ್ ದೂರದ ಬಂಡೆಗೆ ಮಾತ್ರ ಅದು ದೊಡ್ಡ ಸ್ಥಾನಪಲ್ಲಟ. ಬಂಡೆಯ ಹಿಂದಿನ ನೋಟ ಒಂದು ತುಣುಕಿನಲ್ಲಿ ಮರೆಯಾಗಿರುತ್ತದೆ, ಮುಂದಿನ ತುಣುಕಿನಲ್ಲಿ ಇಣುಕುತ್ತದೆ. ತಂತ್ರಾಂಶ ಎರಡನ್ನೂ ಹೊಂದಿಸಲಾಗದೆ ಬಂಡೆಯ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ. ಮಂಟಪದೊಳಗೆ ನಿಂತು ತೆಗೆದಾಗ ಕಂಬಗಳು ತುಂಡಾಗುವುದಕ್ಕೂ ಇದೇ ಕಾರಣ.

ಆದ್ದರಿಂದ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ದೂರದ ನೋಟವಷ್ಟೇ ಇದ್ದರೆ ಸೊಂಟದ ತಿರುವು ಸಾಕು. ಹತ್ತಿರದ ಬಂಡೆ, ಕಂಬ, ರೇಲಿಂಗು ಚಿತ್ರದೊಳಗೆ ಬರಲೇಬೇಕಾದರೆ ಸೊಂಟದ ಸಾಲನ್ನು ಬಿಟ್ಟುಬಿಡಿ. ಲೆನ್ಸಿನ ಕೆಳಗೆ ನೇರವಾಗಿ ನೆಲದ ಮೇಲೆ ಒಂದು ಹರಳು ಇಟ್ಟು, ಲೆನ್ಸು ಅದರ ಮೇಲೇ ಉಳಿಯುವ ಹಾಗೆ, ನೀವೇ ಫೋನಿನ ಸುತ್ತ ಸಣ್ಣ ಹೆಜ್ಜೆ ಹಾಕಿ. ನೋಡುವವರಿಗೆ ವಿಚಿತ್ರವಾಗಿ ಕಂಡೀತು, ಚಿತ್ರ ಮಾತ್ರ ಕೂಡಿಕೊಳ್ಳುತ್ತದೆ. ಈ ಕಸರತ್ತನ್ನು ಸಮತಟ್ಟು ನೆಲದಲ್ಲಿ ಮಾತ್ರ ಮಾಡಿ, ಬೆಟ್ಟದ ತುದಿಯಲ್ಲಿ ಬೇಡ.

ಲೆನ್ಸು ಜರುಗುವುದೇ ಸರಿಯಾದ ಸಂದರ್ಭವೂ ಒಂದಿದೆ. ಫೋಟೊಗ್ರಾಫರ್ ಲಿನಿಯಸ್ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ಹಿಡಿದದ್ದು ಹಾಗೆ. ಗೋಡೆಯ ಉದ್ದಕ್ಕೂ ಕ್ಯಾಮೆರಾ ಸರಿಸುತ್ತ ತೆಗೆದ 21 ಚಿತ್ರಗಳನ್ನು ಸೇರಿಸಿ ಸುಮಾರು 19 ಅಡಿಯ ಸುರುಳಿ ಮಾಡಿದ. ಗೋಡೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ದೂರದಲ್ಲಿತ್ತು, ಅದರಿಂದ ಅದು ನಡೆಯಿತು. ಶಾಸನ, ಭಿತ್ತಿಚಿತ್ರ, ಹಜಾರರಾಮ ದೇವಾಲಯದ ಹೊರಗೋಡೆಯ ಉಬ್ಬುಶಿಲ್ಪದ ಸಾಲು ಇಂಥವಕ್ಕೆ ನೀವೂ ಹೀಗೆ ಮಾಡಬಹುದು. ಆದರೆ ಫೋನಿನ ಪನೋರಮಾದಲ್ಲಿ ಅಲ್ಲ, ಬಿಡಿ ಫೋಟೊಗಳಾಗಿ. ಗೋಡೆಗೆ ಸಮಾನಾಂತರವಾಗಿ ನಡೆಯುತ್ತ, ಪ್ರತಿ ಚಿತ್ರ ಹಿಂದಿನದರ ಮೂರರಲ್ಲೊಂದು ಭಾಗವನ್ನಾದರೂ ಒಳಗೊಳ್ಳುವ ಹಾಗೆ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಜೋಡಿಸಿ.

“ಬಾಣ ಗೆರೆಯ ಮೇಲೆ, ವೇಗ ಒಂದೇ ಸಮ.”

ಪರದೆಯ ಬಾಣ ಮೇಲೆ ಕೆಳಗೆ ಅಲೆದರೆ ಫೋನು ಮೇಲಂಚು ಕೆಳಂಚುಗಳನ್ನು ಕತ್ತರಿಸಿ ಸಮಮಾಡುತ್ತದೆ, ನೀವು ಗಳಿಸಿದ ಎತ್ತರ ಹೋಗುತ್ತದೆ. ವೇಗಕ್ಕೂ ಬೆಳಕಿಗೂ ನಂಟು. ನಸುಕಿನಲ್ಲಿ ಪ್ರತಿ ತುಣುಕಿಗೂ ಹೆಚ್ಚು ಹೊತ್ತು ಬೆಳಕು ಬೇಕಾಗುವುದರಿಂದ ಇನ್ನೂ ನಿಧಾನ ತಿರುಗಬೇಕು. ಬಿಸಿಲು ಬಂದ ಮೇಲೆ ಅಷ್ಟು ಕಾಯಬೇಕಿಲ್ಲ.

ತುಣುಕುಗಳನ್ನು ಜೋಡಿಸಲು ತಂತ್ರಾಂಶ ಫೋನಿನ ಗೈರೊಸ್ಕೋಪಿನ ಜೊತೆಗೆ ಚಿತ್ರದೊಳಗಿನ ಗುರುತುಗಳನ್ನೂ ನೆಚ್ಚುತ್ತದೆ. ಎರಡು ಚಿತ್ರಗಳಲ್ಲಿ ಒಂದೇ ಗುರುತನ್ನು ತಾನಾಗಿ ಹುಡುಕುವ ಗಟ್ಟಿ ವಿಧಾನವೊಂದನ್ನು ಗಣಕವಿಜ್ಞಾನಿ ಡೇವಿಡ್ ಲೋವ್ 1999ರಲ್ಲಿ ಪ್ರಕಟಿಸಿದರು. 2003ರಲ್ಲಿ ಅವರೂ ಮ್ಯಾಥ್ಯೂ ಬ್ರೌನ್ ಅವರೂ ಸೇರಿ ಅದನ್ನು ಪನೋರಮಾಗೆ ತಂದರು. 2011ರ ಆಂಡ್ರಾಯ್ಡ್ 4.0ರಲ್ಲಿ, 2012ರಲ್ಲಿ ಐಫೋನಿನಲ್ಲಿ ಪನೋರಮಾ ಕ್ಯಾಮೆರಾದ ಒಳಗೇ ಬಂತು. ಗುರುತು ಬೇಕು ಎಂಬ ಸಂಗತಿ ನಮಗೆ ಉಪಯುಕ್ತ. ಹಂಪಿಯ ಬಂಡೆಗಳಲ್ಲಿ ಬಿರುಕು, ಕಲೆ, ನೆರಳು ಬೇಕಾದಷ್ಟಿವೆ. ಮಲ್ಪೆಯ ದಡದಲ್ಲಿ ಬರಿಯ ನೀರು, ಬರಿಯ ಆಕಾಶ ಹಿಡಿದರೆ ತಂತ್ರಾಂಶಕ್ಕೆ ಹಿಡಿತ ಸಿಗದು, ಅಲೆಗಳೋ ನಿಂತಲ್ಲಿ ನಿಲ್ಲವು. ಅಲ್ಲಿ ದೋಣಿ, ತೆಂಗು, ದ್ವೀಪ, ಏನಾದರೂ ಸ್ಥಿರವಾದದ್ದು ಚಿತ್ರದ ಉದ್ದಕ್ಕೂ ಅಲ್ಲಲ್ಲಿ ಇರುವ ಹಾಗೆ ನೋಡಿಕೊಳ್ಳಿ.

“ನಡೆಯುವವರು ದಾಟಲಿ.”

ನೀವು ತಿರುಗುವ ದಿಕ್ಕಿನಲ್ಲೇ ಸಾಗುವ ಬಸ್ಸು ಎಳೆದಂತೆ ಉದ್ದವಾಗುತ್ತದೆ, ಎದುರಿನಿಂದ ಬರುವುದು ಕುಗ್ಗುತ್ತದೆ. ಜನ ಅರ್ಧವಾಗುತ್ತಾರೆ ಅಥವಾ ಎರಡು ಸಲ ಬರುತ್ತಾರೆ. ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

“ನೇರ ಸಾಲು ಬಾಗುತ್ತದೆ, ಬಾಗಿದ ಸಾಲು ನೇರವಾಗುತ್ತದೆ.”

ಒಗಟಿನಂತೆ ಕಂಡರೂ ಇದು ಬರಿಯ ರೇಖಾಗಣಿತ. ಉದ್ದನೆಯ ಕಲ್ಲುಮಂಟಪದ ಎದುರು ಹತ್ತಿರದಲ್ಲಿ ನಿಂತು ಪನೋರಮಾ ತೆಗೆದರೆ ನಡುಭಾಗ ಉಬ್ಬಿ, ಎರಡು ತುದಿ ಕುಗ್ಗಿ, ನೇರವಾಗಿ ಕಟ್ಟಿದ ಸಾಲು ಹೊಟ್ಟೆ ಬಿಟ್ಟಂತೆ ಬರುತ್ತದೆ. ನಡುಭಾಗ ನಿಮಗೆ ಹತ್ತಿರ, ತುದಿಗಳು ದೂರ, ಫೋನು ಆ ದೂರವನ್ನು ಮುಚ್ಚಿಡುವುದಿಲ್ಲ. ಕಂಬಗಳು ನೆಟ್ಟಗೇ ಉಳಿಯುತ್ತವೆ, ಮೇಲಿನ ಕೆಳಗಿನ ಅಡ್ಡಗೆರೆಗಳು ಬಾಗುತ್ತವೆ. ಹಿಂದಕ್ಕೆ ಸರಿದಷ್ಟೂ ಬಾಗು ಕಡಿಮೆ. ಜಾಗವಿಲ್ಲದಿದ್ದರೆ ಬೀದಿಯ ಮೂಲೆಗೆ ಹೋಗಿ, ಕಟ್ಟಡದ ಕೋನ ನಡುವೆ ಬರುವ ಹಾಗೆ ತೆಗೆಯಿರಿ.

ಈ ಸಾಲಿನ ನಿಜವಾದ ಲಾಭ ಇರುವುದು ಮದುವೆಮನೆಯಲ್ಲಿ, ಶಾಲೆಯ ಅಂಗಳದಲ್ಲಿ. ಹತ್ತು ಮೀಟರ್ ಉದ್ದದ ನೇರ ಸಾಲಿನಲ್ಲಿ ಜನ ನಿಂತಿದ್ದಾರೆ, ನೀವು ನಾಲ್ಕು ಮೀಟರ್ ದೂರದಲ್ಲಿದ್ದೀರಿ ಎಂದುಕೊಳ್ಳಿ. ತುದಿಯವರು ನಿಮ್ಮಿಂದ ಸುಮಾರು 6.4 ಮೀಟರ್ ದೂರ. ಪನೋರಮಾದಲ್ಲಿ ಅವರ ಎತ್ತರ ನಡುವಿನವರ ಎತ್ತರದ ಮೂರರಲ್ಲೆರಡಕ್ಕೂ ಕಡಿಮೆ. ತುದಿಯಲ್ಲಿ ನಿಲ್ಲುವವರು ಸಾಮಾನ್ಯವಾಗಿ ಯಾರು? ಕೆಲಸ ಮುಗಿಸಿ ಕೊನೆಗೆ ಬಂದ ಅಡುಗೆಯವರು, ಸಂಕೋಚದ ಸೊಸೆಯಂದಿರು, ಹಿಂದಿನ ಬೆಂಚಿನ ಮಕ್ಕಳು. ಅವರನ್ನು ಕುಗ್ಗಿಸಬಾರದು. ಎಲ್ಲರನ್ನೂ ನಿಮ್ಮ ಸುತ್ತ ಅರ್ಧಚಂದ್ರಾಕಾರವಾಗಿ ನಿಲ್ಲಿಸಿ, ಪ್ರತಿಯೊಬ್ಬರೂ ನಿಮ್ಮಿಂದ ಒಂದೇ ದೂರದಲ್ಲಿರಲಿ. ಚಿತ್ರದಲ್ಲಿ ಆ ಬಾಗಿದ ಸಾಲು ನೇರವಾಗಿ, ಎಲ್ಲರೂ ಒಂದೇ ಅಳತೆಯಲ್ಲಿ ಬರುತ್ತಾರೆ. 1904ರಲ್ಲಿ ಪೇಟೆಂಟ್ ಆದ ಸರ್ಕಟ್ ಕ್ಯಾಮೆರಾ ಇಟ್ಟುಕೊಂಡಿದ್ದ ಅಮೆರಿಕದ ಫೋಟೊಗ್ರಾಫರುಗಳು ಶಾಲೆಗಳಲ್ಲಿ, ಸೈನಿಕ ಶಿಬಿರಗಳಲ್ಲಿ ಹೀಗೇ ಬೆಂಚು ಜೋಡಿಸುತ್ತಿದ್ದರು. ಗಡಿಯಾರದ ಯಂತ್ರದಿಂದ ತಿರುಗುತ್ತಿದ್ದ ಆ ಕ್ಯಾಮೆರಾ ನಿಧಾನವಾದ್ದರಿಂದ, ಮೊದಲ ತುದಿಯಲ್ಲಿ ನಿಂತ ಹುಡುಗ ಹಿಂದಿನಿಂದ ಓಡಿ ಕೊನೆಯ ತುದಿಯಲ್ಲೂ ನಿಂತು ಒಂದೇ ಚಿತ್ರದಲ್ಲಿ ಎರಡು ಸಲ ಬಂದ ಉದಾಹರಣೆಗಳಿವೆ. ನಿಮ್ಮ ಫೋನಿನಲ್ಲೂ ಇದು ಆಗುತ್ತದೆ, ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಸಾಲಾಗಿ ನಿಲ್ಲಲು ಮುಂದೆ ಬರುತ್ತಾರೆ.

“ಗೋಪುರಕ್ಕೆ ಫೋನು ಅಡ್ಡ.”

ಬಜಾರಿನಲ್ಲಿ ಹತ್ತಿರ ನಿಂತು ಒಂಬತ್ತು ಅಂತಸ್ತಿನ ಗೋಪುರವನ್ನು ಪೂರ್ತಿ ಹಿಡಿಯಲು ಫೋನನ್ನು ಅಡ್ಡ ತಿರುಗಿಸಿ ಕೆಳಗಿನಿಂದ ಮೇಲಕ್ಕೆ ಸಾಗಿ. ಬಾಗಿಲಿನ ಮೆಟ್ಟಿಲಿನಿಂದ ಶುರುಮಾಡಿ, ಕಳಶದ ಮೇಲೆ ಸ್ವಲ್ಪ ಆಕಾಶ ಬಂದ ಕೂಡಲೇ ನಿಲ್ಲಿಸಿ, ನೆತ್ತಿಯವರೆಗೆ ಹೋಗಬೇಡಿ. ಪಕ್ಕಕ್ಕೆ ಒಂದಿಷ್ಟು ಸರಿದರೂ ಗೋಪುರ ಸೊಟ್ಟಗಾಗುವುದರಿಂದ ಸರಿಯಾಗಿ ಬಾಗಿಲಿನ ನಡುಗೆರೆಯ ಎದುರು ನಿಲ್ಲಬೇಕು. ಜೋಗದ ಗುಂಡಿಗೂ ಇದೇ ಉಪಾಯ, ಆದರೆ ಬೀಳುವ ನೀರು ತುಣುಕುಗಳ ನಡುವೆ ಬದಲಾಗುತ್ತಲೇ ಇರುವುದರಿಂದ ಹಲವು ಸಲ ತೆಗೆದು ಒಂದನ್ನು ಆರಿಸಬೇಕಾಗುತ್ತದೆ.

“ನಿಂತ ಕಲ್ಲನ್ನು ಬರೆದಿಡಿ.”

ತೆಗೆದದ್ದನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. 16,000 ಪಿಕ್ಸೆಲ್ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚುಹಾಕಿದರೆ 53 ಅಂಗುಲ, ಅಂದರೆ ನಾಲ್ಕೂವರೆ ಅಡಿಗೆ ಹತ್ತಿರ. ಪನೋರಮಾವನ್ನು ನಿಜವಾಗಿ ನೋಡುವುದು ಆ ಅಳತೆಯಲ್ಲಿ, ಗೋಡೆಯ ಮೇಲೆ.

ಆದರೆ ಈ ಸಾಲು ಹೇಳುವುದು ಇನ್ನೊಂದು ವಿಷಯ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯನ್ನು ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಹಿಡಿದ. 1983ರಲ್ಲಿ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಆ ಚಿತ್ರಗಳ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಏನು ಬಿದ್ದಿದೆ, ಏನು ಬೆಳೆದಿದೆ, ಯಾವುದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ ಎಂಬುದು ಯಾರ ವಿವರಣೆಯೂ ಇಲ್ಲದೆ ಗೊತ್ತಾಗುತ್ತದೆ. ಒಂದು ಕಂಬದ ಚಿತ್ರಕ್ಕಿಂತ ಒಂದು ಪನೋರಮಾ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ, ಅದರಲ್ಲಿ ನಾವು ಗಮನಿಸದೇ ಹಿಡಿದದ್ದೇ ಹೆಚ್ಚು: ಬಾಳೆತೋಟದ ಗಡಿ, ಹೊಳೆಯ ನೀರಿನ ಮಟ್ಟ, ಹೊಸ ಮನೆಯ ಮಾಡು, ಕಾಣೆಯಾದ ಮರ. ಇದು ಹಂಪಿಗಷ್ಟೇ ಅಲ್ಲ, ನಿಮ್ಮೂರ ಕೆರೆಯ ಏರಿಗೂ ಸಲ್ಲುತ್ತದೆ. ಫೋನಿನ ಸ್ಥಳಗುರುತು ಕೆಲವು ಮೀಟರುಗಳವರೆಗಷ್ಟೇ ನಿಖರ, ಯಾವ ಕಲ್ಲು ಎಂದು ಅದು ಹೇಳಲಾರದು. ಆದ್ದರಿಂದ ಪನೋರಮಾ ಮುಗಿದ ಕೂಡಲೇ ಕಾಲ ಕೆಳಗಿನ ಕಲ್ಲಿನದೊಂದು ಫೋಟೊ, ಆ ಕಲ್ಲನ್ನು ನಾಲ್ಕು ಹೆಜ್ಜೆ ದೂರದಿಂದ ಇನ್ನೊಂದು ಫೋಟೊ ತೆಗೆದುಕೊಳ್ಳಿ. ಚಿತ್ರದ ವಿವರದಲ್ಲಿ ತಿಂಗಳು, ಹೊತ್ತು, ಎಡ ತುದಿ ಯಾವುದು, ಬಲ ತುದಿ ಯಾವುದು ಎಂದು ಕನ್ನಡದಲ್ಲೇ ನಮೂದಿಸಿ.